ಕುಕ್ಕರ್ ಹಬೆಗೆ ಟೋಪಿ ಹಿಡಿಯಬೇಡಿ

ಫೆಲ್ಟ್ ಟೋಪಿಯ ನೆತ್ತಿಗೆ ಮನೆಯಲ್ಲೇ ಹಬೆ ಕೊಟ್ಟು ಮಡಿಕೆ ಕೂರಿಸುವ ಬಗ್ಗೆ ಪ್ರಶ್ನೆಗಳು ನಿಲ್ಲುತ್ತಲೇ ಇಲ್ಲ. ಬರೆಯುವವರಲ್ಲಿ ಹೆಚ್ಚಿನವರು ಯಾವುದೋ ವಿಡಿಯೊ ನಂಬಿ ಟೋಪಿ ಕೆಡಿಸಿಕೊಂಡ ಮೇಲೆ ಬರೆಯುತ್ತಾರೆ. ಮೊದಲೇ ಕೇಳಿದ್ದರೆ ಒಳ್ಳೆಯ ಟೋಪಿಗಳು ಉಳಿಯುತ್ತಿದ್ದವು.

ಪ್ರಶ್ನೆ: ಮೆಲ್ಬರ್ನ್‌ನಲ್ಲಿರುವ ಮಗ ಆಸ್ಟ್ರೇಲಿಯಾದ ಅಕುಬ್ರಾ ಕಂಪನಿಯ ಫೆಲ್ಟ್ ಟೋಪಿ ತಂದುಕೊಟ್ಟ. ನೆತ್ತಿ ಗುಂಡಗಿತ್ತು, ಮಡಿಕೆ ಇರಲಿಲ್ಲ. ಕುಕ್ಕರಿನ ವೆಯ್ಟ್ ತೆಗೆದು, ಅದರ ಹಬೆಗೆ ಹತ್ತು ನಿಮಿಷ ಹಿಡಿದು ಮಡಿಕೆ ಮಾಡಿದೆ. ಸಂಜೆಯೊಳಗೆ ಮಡಿಕೆ ಸಡಿಲವಾಯಿತು. ಈಗ ಟೋಪಿ ಹಣೆಗೆ ಬಿಗಿಯಾಗುತ್ತಿದೆ. ಇನ್ನಷ್ಟು ಹಬೆ ಕೊಡಲೇ? — ಮಡಿಕೇರಿ

ಉತ್ತರ: ಕೊಡಬೇಡಿ. ನಿಮ್ಮ ಟೋಪಿಗೆ ಹಬೆ ಕಡಿಮೆಯಾಗಿಲ್ಲ, ವಿಪರೀತವಾಗಿದೆ. ಕಡಿಮೆಯಾದದ್ದು ನಿಮ್ಮ ತಾಳ್ಮೆ.

ಅಕುಬ್ರಾ ಟೋಪಿಯ ಫೆಲ್ಟ್ ಮೊಲದ ತುಪ್ಪಳದ್ದು. ಅದನ್ನು ನೇಯುವುದೂ ಇಲ್ಲ, ಹೆಣೆಯುವುದೂ ಇಲ್ಲ. ತೇವ, ಶಾಖ, ಒತ್ತಡಗಳಿಂದ ಎಳೆಗಳು ಒಂದಕ್ಕೊಂದು ತೊಡರಿ ಗಟ್ಟಿಯಾದ ಹಾಳೆ ಅದು. ಮತ್ತೆ ಶಾಖ, ತೇವ ತಗುಲಿದಾಗ ಎಳೆಗಳು ಬಾಗಲು ಒಪ್ಪುತ್ತವೆ. ಬಿಗುವಿಗಾಗಿ ಹಲವು ಟೋಪಿಗಳಿಗೆ ಅರಗನ್ನೂ ಉಣಿಸಿರುತ್ತಾರೆ. ಚನ್ನಪಟ್ಟಣದಲ್ಲಿ ತಿರುಗುವ ಬೊಂಬೆಗೆ ಅರಗಿನ ಕಡ್ಡಿ ಒತ್ತಿದಾಗ ಉಜ್ಜಿದ ಬಿಸಿಗೆ ಅದು ಕರಗಿ ಮರಕ್ಕೆ ಹಿಡಿಯುತ್ತದೆ, ಆರಿದ ಕೂಡಲೇ ಗಟ್ಟಿಯಾಗುತ್ತದೆ. ಟೋಪಿಯಲ್ಲೂ ಅದೇ ನಡೆಯುತ್ತದೆ. ಹಬೆಯ ಕೆಲಸ ಮೆದುಗೊಳಿಸುವುದಷ್ಟೇ. ಮಡಿಕೆ ನಿಲ್ಲುವುದು ಆರುವಾಗ. ನೀವು ಬಿಸಿಯಲ್ಲೇ ಕೈ ಬಿಟ್ಟಿರಿ, ಅದು ಹಳೆಯ ಆಕಾರಕ್ಕೆ ಮರಳಿತು.

ಬಿಗಿಯಾದದ್ದಕ್ಕೆ ಕಾರಣ ಟೋಪಿಯ ಒಳಗೆ ಹಣೆಗೆ ತಾಗುವ ತೊಗಲಿನ ಪಟ್ಟಿ. ಬಿಸಿ ತೇವಕ್ಕೆ ತೊಗಲು ಕುಗ್ಗುತ್ತದೆ, ಹಾಗೆ ಕುಗ್ಗಿದ್ದು ಹಿಂದಿರುಗುವುದಿಲ್ಲ. ಹತ್ತು ನಿಮಿಷ ಎಂದರೆ ಬೇಯಿಸಿದಂತೆಯೇ. ಎಳೆದು ಹಿಗ್ಗಿಸಲು ಹೋಗಬೇಡಿ, ಹೊಲಿಗೆ ಬಿಡುತ್ತದೆ. ಟೋಪಿ ಕೆಲಸ ಬಲ್ಲವರಿಂದ ಪಟ್ಟಿಯನ್ನೇ ಬದಲಿಸಿಕೊಳ್ಳಿ.

ಕುಕ್ಕರಿನ ಸಂಗತಿಗೆ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ. ಅದರ ನಳಿಕೆಯಿಂದ ನುಗ್ಗುವುದು ಬಿರುಸಾದ ಧಾರೆ, ಜೊತೆಗೆ ಕುದಿನೀರೂ ಸಿಡಿಯುತ್ತದೆ. ಒಂದು ಗ್ರಾಂ ಹಬೆ ಚರ್ಮದ ಮೇಲೆ ನೀರಾಗುವಾಗ ಸುಮಾರು 2,260 ಜೂಲ್ ಶಾಖ ಬಿಟ್ಟುಕೊಡುತ್ತದೆ. ಕುದಿಯುವ ನೀರಿಗಿಂತ ಹಬೆಯ ಸುಟ್ಟಗಾಯ ಕೆಟ್ಟದಾಗುವುದು ಇದರಿಂದಲೇ. ಅಂಥ ಧಾರೆಯ ಮುಂದೆ ಎರಡೂ ಕೈ ಚಾಚಿ ನಿಲ್ಲಲು ಹೇಳುವ ವಿಡಿಯೊದವರಿಗೆ ಟೋಪಿಯೂ ಗೊತ್ತಿಲ್ಲ, ಅಡುಗೆಮನೆಯೂ ಗೊತ್ತಿಲ್ಲ. ಇಡ್ಲಿ ಪಾತ್ರೆಯೂ ಬೇಡ. ಅದರ ಅಗಲ ಬಾಯಿಯ ಹಬೆ ಬೇಕಾದ ಜಾಗ, ಬೇಡದ ಜಾಗ ಎನ್ನದೆ ಇಡೀ ಟೋಪಿಯನ್ನು ನೆನೆಸುತ್ತದೆ.

ಒಲೆಯ ಮೇಲಿಡುವ ಕೊಕ್ಕಿನ ಕೆಟಲ್ ಸಾಕು, ಅರ್ಧದಷ್ಟು ಮಾತ್ರ ನೀರು ತುಂಬಿ. ಕೊಕ್ಕಿನ ತುದಿಯಲ್ಲಿ ಕಣ್ಣಿಗೆ ಏನೂ ಕಾಣದ ಒಂದು ತುಂಡು ಇರುತ್ತದೆ. ಅಲ್ಲಿರುವುದೇ ಅಸಲು ಹಬೆ, ಕೈಯನ್ನಾಗಲಿ ಟೋಪಿಯನ್ನಾಗಲಿ ಅಲ್ಲಿಗೆ ಒಯ್ಯಬೇಡಿ. ಅದರಾಚೆ ಬೆಳ್ಳಗೆ ಕಾಣುವುದು ತಣಿದ ಸಣ್ಣ ಹನಿಗಳ ಮೋಡ. ಟೋಪಿಗೆ ಬೇಕಾದದ್ದು ಅದು. ಕೊಕ್ಕಿನಿಂದ ಒಂದು ಗೇಣು ದೂರದಲ್ಲಿ, ಹೊರಗಿನಿಂದ, ನೆತ್ತಿಯ ನಡುಭಾಗಕ್ಕೆ ಮಾತ್ರ ಹಬೆ ತಾಗುವಂತೆ ಹಿಡಿದು ಆಡಿಸುತ್ತಿರಿ. ಗಡಿಯಾರ ನೋಡಬೇಡಿ, ಬೆರಳಿನಿಂದ ಒತ್ತಿ ನೋಡಿ. ಫೆಲ್ಟ್ ತಗ್ಗಿಕೊಟ್ಟರೆ ಸಾಕು, ಸಾಮಾನ್ಯವಾಗಿ ಅರ್ಧ ನಿಮಿಷ ಹಿಡಿಯುತ್ತದೆ. ಮುಟ್ಟಿದರೆ ಒದ್ದೆ ಎನಿಸಿದರೆ ಆಗಲೇ ಮಿತಿ ಮೀರಿದೆ.

ಹಬೆಯಿಂದ ಈಚೆ ತಂದು, ಒಂದು ಕೈಯನ್ನು ಒಳಗೆ ಆಸರೆಯಾಗಿಟ್ಟು, ಇನ್ನೊಂದು ಅಂಗೈಯ ಅಂಚಿನಿಂದ ಮುಂದಿನಿಂದ ಹಿಂದಕ್ಕೆ ನಡುಗೆರೆ ಒತ್ತಿ. ಮೊದಲ ಸಲಕ್ಕೇ ಆಳ ಬೇಡ. ಒತ್ತಿದ ಕೈ ತೆಗೆಯಬೇಡಿ. ಫೆಲ್ಟ್ ತಣ್ಣಗಾಯಿತೆಂದು ಕೈಗೇ ತಿಳಿಯುವವರೆಗೆ ಹಾಗೇ ಹಿಡಿದಿರಿ. ನನ್ನ ಇಡೀ ಉತ್ತರದಲ್ಲಿ ಇದೊಂದನ್ನು ನೆನಪಿಟ್ಟುಕೊಂಡರೂ ಸಾಕು. ಆಳ ಬೇಕಿದ್ದರೆ ಮತ್ತೆ ಸ್ವಲ್ಪ ಹಬೆ, ಮತ್ತೆ ಸ್ವಲ್ಪ ಒತ್ತು, ಮತ್ತೆ ಕಾಯುವುದು. ಮುಂಭಾಗದ ಎರಡು ಚಿವುಟುಗಳು, ಅಂದರೆ ನೆತ್ತಿಯ ಎರಡು ಬದಿಗೆ ಬೆರಳಿನಿಂದ ಒತ್ತುವ ತಗ್ಗುಗಳು, ಯಾವಾಗಲೂ ಕೊನೆಗೆ, ನಡುಗೆರೆ ಪೂರ್ತಿ ಕೂತ ಮೇಲೆ. ಅವನ್ನು ಮೊದಲೇ ಮಾಡಿದರೆ ನಡುಗೆರೆ ಒತ್ತುವಾಗ ಓರೆಯಾಗುತ್ತವೆ. ಚೂಪಾಗಿ, ಕಾಗದ ಮಡಚಿದ ಹಾಗೆ ಮಡಚಬೇಡಿ, ಎಳೆಗಳು ಅಲ್ಲಿ ಮುರಿದು ಕೆಲವೇ ತಿಂಗಳಲ್ಲಿ ಬಿರುಕು ಬಿಡುತ್ತವೆ. ನನ್ನ ಕಣ್ಣಿಗಂತೂ ಆಳವಾದ ಚಿವುಟಿಗಿಂತ ಮೆತ್ತನೆಯ ತಗ್ಗೇ ಚೆಂದ. ಮುಗಿದ ಮೇಲೆ ಒಂದು ರಾತ್ರಿ ತೊಡದೆ ಬಿಡಿ. ಮಳೆಗಾಲದ ಮಡಿಕೇರಿಯಲ್ಲಿ ಎರಡು ರಾತ್ರಿ ಬಿಟ್ಟರೂ ತಪ್ಪಿಲ್ಲ. ಬಿಸಿಲಿಗೆ, ಹೀಟರಿನ ಮುಂದೆ ಇಡಬೇಡಿ.

ಆಮೇಲೆ, ಆ ಚಿವುಟು ಹಿಡಿದೇ ಟೋಪಿ ಎತ್ತುವ ಅಭ್ಯಾಸ ಬಿಡಿ. ಸಿನಿಮಾದಲ್ಲಿ ಎಲ್ಲರೂ ಹಾಗೇ ಎತ್ತುತ್ತಾರೆ, ಟೋಪಿ ಹರಿಯುವುದೂ ಅಲ್ಲಿಂದಲೇ.

ಪ್ರಶ್ನೆ: ಬಿಗುವು ಬರಲು ಗಂಜಿ ಹಚ್ಚಬಹುದೇ? ನಮ್ಮ ಚಳ್ಳಕೆರೆ ಕಡೆ ಕಂಬಳಿಗೆ ಹುಣಸೆಬೀಜದ ಗಂಜಿ ಹಾಕುತ್ತಾರೆ.

ಉತ್ತರ: ಕಂಬಳಿ ನೇಯ್ದ ಬಟ್ಟೆ, ಅದಕ್ಕೆ ಆ ಪದ್ಧತಿ ಸರಿಯಾದದ್ದೇ. ಫೆಲ್ಟಿನ ಮೇಲೆ ಗಂಜಿ ಬಿಳಿ ಕಲೆಯಾಗಿ ಒಣಗುತ್ತದೆ, ಹುಳುಗಳನ್ನೂ ಕರೆಯುತ್ತದೆ. ಹೇರ್ ಸ್ಪ್ರೇ ಬಗ್ಗೆ ಕೇಳಿದವರಿಗೂ ಇದೇ ಉತ್ತರ: ಬೇಡ.

ಪ್ರಶ್ನೆ: ಟೋಪಿಯ ಒಳಗೆ ‘20ಎಕ್ಸ್’ ಎಂದು ಅಚ್ಚಾಗಿದೆ. ಉತ್ತಮ ದರ್ಜೆಯೇ?

ಉತ್ತರ: ಎಕ್ಸ್ ಎಂಬುದು ಫೆಲ್ಟಿನ ಗುಣಮಟ್ಟಕ್ಕೆ ಕಂಪನಿಗಳು ಹಾಕುವ ಗುರುತು, ಅದಕ್ಕೆ ಎಲ್ಲ ಕಂಪನಿಗಳೂ ಒಪ್ಪಿದ ಅಳತೆ ಇಲ್ಲ. ಒಂದು ಕಂಪನಿಯ ಇಪ್ಪತ್ತನ್ನು ಇನ್ನೊಂದರ ಹತ್ತರೊಡನೆ ಹೋಲಿಸಬೇಡಿ.

ಪ್ರಶ್ನೆ: ಮೈಸೂರು ಪೇಟ ಸೊಟ್ಟಗಾಗಿದೆ. ಹಬೆ ಹಿಡಿಯಲೇ?

ಉತ್ತರ: ರೇಷ್ಮೆ, ಜರಿಗೆ ಹಬೆ ಬೇಡ, ಪೇಟ ಕಟ್ಟುವವರ ಬಳಿ ಒಯ್ಯಿರಿ.

ಪ್ರಶ್ನೆ: ಅಜ್ಜನ ಕಾಲದ ವಿಲಾಯತಿ ಫೆಲ್ಟ್ ಟೋಪಿ ಪೆಟ್ಟಿಗೆಯಲ್ಲಿ ಸಿಕ್ಕಿದೆ, ನೆತ್ತಿ ಅಪ್ಪಚ್ಚಿಯಾಗಿದೆ. ಹಬೆ ಕೊಟ್ಟು ಸರಿಪಡಿಸಿ ಮಗನ ಮದುವೆಗೆ ತೊಡುವ ಆಸೆ.

ಉತ್ತರ: ನಿಮ್ಮ ಆಸೆ ನನಗೆ ಅರ್ಥವಾಗುತ್ತದೆ, ಆದರೂ ಬೇಡವೆನ್ನುತ್ತೇನೆ. ಹಿಂದೆ ತುಪ್ಪಳವನ್ನು ಹದ ಮಾಡಲು ಪಾದರಸದ ನೈಟ್ರೇಟ್ ಬಳಸುತ್ತಿದ್ದರು. ಅದರ ಆವಿ ಕುಡಿದು ಟೋಪಿ ಕಾರ್ಮಿಕರ ಕೈ ನಡುಗುತ್ತಿತ್ತು, ಬುದ್ಧಿ ಕೆಡುತ್ತಿತ್ತು. ಅಮೆರಿಕದ ಡ್ಯಾನ್‌ಬರಿ ಪಟ್ಟಣದಲ್ಲಿ ಆ ನಡುಕಕ್ಕೆ ಊರಿನ ಹೆಸರೇ ಅಂಟಿಕೊಂಡಿತು. ಆ ದೇಶದ ಕಾರ್ಖಾನೆಗಳು ಪಾದರಸವನ್ನು ಕೈಬಿಟ್ಟದ್ದು 1941ರಲ್ಲಿ. ಹಳೆಯ ಟೋಪಿಗಳಲ್ಲಿ ಪಾದರಸ ಇಂದಿಗೂ ಉಳಿದಿರುವುದು ವಸ್ತುಸಂಗ್ರಹಾಲಯಗಳ ಪರೀಕ್ಷೆಯಲ್ಲಿ ಕಂಡುಬಂದಿದೆ. ಯಾವ ವರ್ಷದ್ದೆಂದು ತಿಳಿಯದ ಅಂಥ ಟೋಪಿಗೆ ಮುಚ್ಚಿದ ಅಡುಗೆಮನೆಯಲ್ಲಿ ಬಿಸಿ ಹಬೆ ಕೊಡಲು ನಾನು ಯಾರಿಗೂ ಹೇಳಲಾರೆ. ಮುಚ್ಚಳವಿರುವ ಡಬ್ಬಿಯಲ್ಲಿಡಿ, ಮಕ್ಕಳ ಕೈಗೆ ಕೊಡಬೇಡಿ. ಮದುವೆಗೆ ಹೊಸದನ್ನು ಕೊಳ್ಳಿ.