ಕಪಾತು ಕತ್ತರಿ ಹಿಡಿದ ಕೈಗೆ ಯಾವ ಗೇಮ್ ಕಂಟ್ರೋಲರ್?

ಪ್ರಶ್ನೆ: ನನಗೆ 42 ವರ್ಷ. ಸೋಮವಾರಪೇಟೆ ಹತ್ತಿರ ಸಣ್ಣ ಕಾಫಿ ತೋಟ ಇದೆ. ಮಳೆಗಾಲದಲ್ಲಿ ಸಂಜೆ ಆರರ ಮೇಲೆ ಮಾಡಲು ಕೆಲಸ ಇರುವುದಿಲ್ಲ. ಲ್ಯಾಪ್‌ಟಾಪ್‌ನಲ್ಲಿ ಫುಟ್‌ಬಾಲ್, ಕಾರ್ ರೇಸ್, ಟ್ರಕ್ ಓಡಿಸುವ ಗೇಮ್ ಆಡುತ್ತೇನೆ. ಕೀಬೋರ್ಡ್ ಸಾಕಾಗಿ ಒಂದು ಕಂಟ್ರೋಲರ್ ತರಿಸಿದೆ. ಅರ್ಧ ಗಂಟೆ ಆಡಿದರೆ ಬಲಗೈ ಹೆಬ್ಬೆರಳಿನ ಬುಡ ನೋಯುತ್ತದೆ. ಕಪಾತು ಮಾಡಿ ಮಾಡಿ ಆ ಬೆರಳು ಮೊದಲೇ ಸೋತಿದೆ. ದುಬಾರಿಯದ್ದು ತಗೊಂಡರೆ ಸರಿ ಹೋಗುತ್ತಾ, ಸರ್?

ಉತ್ತರ: ಬರೀ ದುಡ್ಡು ಜಾಸ್ತಿ ಕೊಟ್ಟರೆ ನೋವು ಹೋಗುವುದಿಲ್ಲ. ನಿಮ್ಮ ಕಪಾತು ಕತ್ತರಿಯನ್ನೇ ನೆನಪು ಮಾಡಿಕೊಳ್ಳಿ. ಅದನ್ನು ಬಣ್ಣ ನೋಡಿ ತಗೊಂಡಿರಾ? ಅಂಗಡಿಯಲ್ಲೇ ಕೈಯಲ್ಲಿ ಹಿಡಿದು, ನಾಲ್ಕು ಸಲ ಒತ್ತಿ, ಸ್ಪ್ರಿಂಗ್ ಎಷ್ಟು ಬಿಗಿ, ಪೂರ್ತಿ ತೆರೆದಾಗ ಬೆರಳಿಗೆ ಎಟುಕುತ್ತದೆಯೇ ಅಂತ ನೋಡಿರುತ್ತೀರಿ. ಕಂಟ್ರೋಲರ್ ಕೂಡ ಕೈಯಲ್ಲಿ ಹಿಡಿಯುವ ಹತಾರವೇ. ಆದರೆ ಅದನ್ನು ಮಾತ್ರ ಎಲ್ಲರೂ ಫೋಟೋ ನೋಡಿ ತರಿಸುತ್ತಾರೆ. ನಾನೂ ಒಮ್ಮೆ ಹಾಗೇ ಮಾಡಿದ್ದೆ. ಮಿಣಮಿಣ ಲೈಟು ನೋಡಿ ಮರುಳಾಗಿ ತರಿಸಿದ್ದು, ಅಂಗೈಗೆ ಚುಚ್ಚುವ ಅಂಚು. ಅದು ಈಗ ಕಪಾಟಿನಲ್ಲಿ ಮಿನುಗುತ್ತಾ ಕೂತಿದೆ.

ಒಂದು ಮಾತು ಮೊದಲೇ ಹೇಳುತ್ತೇನೆ. ಆಡದೇ ಇರುವಾಗಲೂ ನೋವಿದ್ದರೆ, ಬಾಟಲಿ ಮುಚ್ಚಳ ತಿರುಗಿಸುವಾಗ ಮಣಿಕಟ್ಟಿನ ತನಕ ಹಿಡಿದುಕೊಂಡರೆ, ಕಂಟ್ರೋಲರ್ ಹುಡುಕುವ ಮೊದಲು ಮೂಳೆ ಡಾಕ್ಟರಿಗೆ ತೋರಿಸಿ. ಹೆಬ್ಬೆರಳಿನಿಂದ ಮಣಿಕಟ್ಟಿಗೆ ಹೋಗುವ ಸ್ನಾಯುವಿನ ಹುರಿಗಳ ಕವಚ ದಪ್ಪವಾಗಿ ಉಜ್ಜಿಕೊಳ್ಳುವ ತೊಂದರೆಯೊಂದಿದೆ. ಡಿ ಕ್ವೆರ್ವೇನ್ ಅನ್ನುವ ಸ್ವಿಸ್ ಸರ್ಜನ್ 1895ರಲ್ಲೇ ಅದರ ಬಗ್ಗೆ ಬರೆದಿದ್ದರು. ಹೆಬ್ಬೆರಳಿಗೆ ಒಂದೇ ಥರದ ಕೆಲಸ ಮತ್ತೆ ಮತ್ತೆ ಕೊಟ್ಟರೆ ಅದು ಜಾಸ್ತಿಯಾಗುತ್ತದೆ. ಹಗಲು ಕತ್ತರಿ, ರಾತ್ರಿ ಕಂಟ್ರೋಲರ್ ಅಂದರೆ ಪಾಪ ಆ ಬೆರಳಿಗೆ ರಜೆಯೇ ಇಲ್ಲ.

ಈಗ ಆಕಾರದ ವಿಷಯ. ಅಂಗಡಿಗೆ ಹೋದರೆ ಮೊದಲು ಕೇಳುವುದೇ "ಎಕ್ಸ್‌ಬಾಕ್ಸ್ ಥರದ್ದು ಬೇಕಾ, ಪ್ಲೇಸ್ಟೇಷನ್ ಥರದ್ದಾ?" ಅಂತ. ಇವೆರಡೂ ಟಿವಿಗೆ ಜೋಡಿಸಿ ಆಡುವ ಗೇಮ್ ಯಂತ್ರಗಳು. ಹೆಬ್ಬೆರಳಿನಿಂದ ಅತ್ತಿತ್ತ ಆಡಿಸುವ ಪುಟ್ಟ ಕಡ್ಡಿಗೆ ಸ್ಟಿಕ್ ಅಂತಾರೆ. ಎಕ್ಸ್‌ಬಾಕ್ಸ್ ಮಾದರಿಯಲ್ಲಿ ಎಡಗಡೆ ಸ್ಟಿಕ್ ಮೇಲಿದೆ, ಬಲಗಡೆಯದು ಕೆಳಗಿದೆ. ಪ್ಲೇಸ್ಟೇಷನ್‌ನಲ್ಲಿ ಎರಡೂ ಕೆಳಗೆ ಅಕ್ಕಪಕ್ಕ ಇವೆ. ಇದಕ್ಕೊಂದು ಕಥೆ ಇದೆ. 1994ರಲ್ಲಿ ಬಂದ ಮೊದಲ ಪ್ಲೇಸ್ಟೇಷನ್ ಕಂಟ್ರೋಲರ್‌ಗೆ ಸ್ಟಿಕ್ಕೇ ಇರಲಿಲ್ಲ. ಹೆಬ್ಬೆರಳು ಸಹಜವಾಗಿ ಕೂರುವ ಜಾಗದಲ್ಲಿ ಬಟನ್‌ಗಳಿದ್ದವು. 1997ರಲ್ಲಿ ಸ್ಟಿಕ್ ಸೇರಿಸುವಾಗ ಉಳಿದಿದ್ದ ಜಾಗ ಕೆಳಗೆ, ಅಲ್ಲಿಗೇ ಹಾಕಿದರು. ಅದೇ ಇವತ್ತಿಗೂ ಮುಂದುವರಿದಿದೆ. ಎಡ ಹೆಬ್ಬೆರಳು ಸದಾ ಸ್ಟಿಕ್ ಮೇಲೇ ಇರುವ ಆಟಗಳಿಗೆ ಎಕ್ಸ್‌ಬಾಕ್ಸ್ ಮಾದರಿ ಹೆಚ್ಚು ಆರಾಮ ಅಂತ ನನ್ನ ಅಭಿಪ್ರಾಯ.

ಆದರೆ ನಿಮಗೆ ನೋಯುತ್ತಿರುವುದು ಬಲಗೈ! ಬಲಗಡೆ ಸ್ಟಿಕ್ ಎರಡು ಮಾದರಿಯಲ್ಲೂ ಕೆಳಗೇ ಇದೆ. ಹಾಗಾಗಿ ಈ ಜಗಳದಲ್ಲಿ ಯಾರು ಗೆದ್ದರೂ ನಿಮ್ಮ ಬೆರಳಿಗೆ ಲಾಭ ಇಲ್ಲ. ನಿಮಗೆ ಬೇಕಾಗಿರುವುದು ಬಲ ಹೆಬ್ಬೆರಳಿನ ಕೆಲಸ ಕಡಿಮೆ ಮಾಡುವ ದಾರಿ. ಫುಟ್‌ಬಾಲ್ ಗೇಮ್‌ನಲ್ಲಿ ಪಾಸ್, ಶಾಟ್, ಕ್ರಾಸ್ ಎಲ್ಲ ಆ ಒಂದೇ ಬೆರಳು ಒತ್ತಬೇಕು. ಅದಕ್ಕೆ ಹಿಂಬದಿಯಲ್ಲಿ ಎರಡು ಬಟನ್ ಇರುವ ಕಂಟ್ರೋಲರ್ ನೋಡಿ. ಹಿಡಿದಾಗ ಸುಮ್ನೆ ಕೂತಿರುವ ನಡುಬೆರಳು, ಉಂಗುರ ಬೆರಳಿಗೆ ಆ ಬಟನ್ ಸಿಗುತ್ತದೆ. ಪಾಸ್ ಮತ್ತು ಶಾಟ್ ಅಲ್ಲಿಗೆ ಕೊಟ್ಟುಬಿಡಿ. ಮೊದಲ ಎರಡು ದಿನ ಗೋಲು ಬಿಟ್ಟು ಬೇರೆಲ್ಲ ಕಡೆ ಹೊಡೆಯುತ್ತೀರಿ, ಆಮೇಲೆ ಕೈ ಕಲಿಯುತ್ತದೆ. ಈ ಸೌಲಭ್ಯ ಈಗ ಎರಡು ಸಾವಿರದ ಆಸುಪಾಸಿನ ಕೆಲವು ಕಂಟ್ರೋಲರ್‌ಗಳಲ್ಲೂ ಇದೆ. ಕಾಸ್ಮಿಕ್ ಬೈಟ್, ಇವೋಫಾಕ್ಸ್, ಗೇಮ್‌ಸರ್ ಮಾದರಿಗಳನ್ನು ಹೋಲಿಸಿ ನೋಡಿ. ಕೊಳ್ಳುವ ಮುಂಚೆ ಆ ನಿರ್ದಿಷ್ಟ ಮಾದರಿಯ ಹಿಂಬದಿ ಫೋಟೋ ತೆರೆದು ಬಟನ್ ಇದೆಯೇ ಅಂತ ಕಣ್ಣಾರೆ ಕಾಣಿ. ಎಕ್ಸ್‌ಇನ್‌ಪುಟ್ ಅಂತ ಬರೆದಿದೆಯೇ ಅಂತಲೂ ನೋಡಿ. ವಿಂಡೋಸ್ ಗೇಮ್‌ಗಳಿಗೆ ಸಲೀಸಾಗಿ ಅರ್ಥವಾಗುವ ಭಾಷೆ ಅದು.

ಹಿಂಬದಿ ಬಟನ್ ಇಲ್ಲದಿದ್ದರೂ ಒಂದಷ್ಟು ಮಾಡಬಹುದು. ಗೇಮ್ ಕೊಂಡು ಆಡುವ ಸ್ಟೀಮ್ ಅನ್ನುವ ಆ್ಯಪ್‌ನಲ್ಲಿ ಆಡುವವರಾದರೆ ಅದರ ಕಂಟ್ರೋಲರ್ ಸೆಟ್ಟಿಂಗ್‌ನಲ್ಲಿ ಯಾವ ಬಟನ್ ಕೆಲಸವನ್ನು ಬೇಕಾದರೂ ಇನ್ನೊಂದಕ್ಕೆ ಬದಲಾಯಿಸಬಹುದು. ಸ್ಟಿಕ್ಕನ್ನೇ ಕೆಳಕ್ಕೆ ಅದುಮುವ ಬಟನ್ ಇದೆಯಲ್ಲ, ಅದು ಹೆಬ್ಬೆರಳಿಗೆ ದೊಡ್ಡ ಶಿಕ್ಷೆ. ಅದನ್ನು ಮೊದಲು ಬೇರೆ ಕಡೆ ಹಾಕಿ. ಆಡುವಾಗ ಕಂಟ್ರೋಲರ್ ಅದುರುತ್ತದಲ್ಲ, ಆ ಕಂಪನ ಅರ್ಧಕ್ಕಿಳಿಸಿ, ಬೇಡದಿದ್ದರೆ ನಿಲ್ಲಿಸಿಯೇಬಿಡಿ.

ತೂಕವನ್ನು ಯಾರೂ ಕೇಳುವುದಿಲ್ಲ, ಕೇಳಬೇಕು. ಎಕ್ಸ್‌ಬಾಕ್ಸ್‌ನ ವೈರ್‌ಲೆಸ್ ಕಂಟ್ರೋಲರ್ ಸೆಲ್ ಹಾಕಿದಾಗ ಸುಮಾರು 280 ಗ್ರಾಂ. ಅದರಲ್ಲಿ ಎರಡು ಎಎ ಸೆಲ್‌ಗಳದ್ದೇ 45 ಗ್ರಾಂ ಹತ್ತಿರ. ಸೆಲ್ ತೆಗೆದು ವೈರ್ ಚುಚ್ಚಿದರೂ ಅದು ಕೆಲಸ ಮಾಡುತ್ತದೆ. ಒಂದು ಗಂಟೆ ಹಿಡಿದು ನೋಡಿ, ಆ 45 ಗ್ರಾಂ ಏನು ಅಂತ ಮಣಿಕಟ್ಟು ಹೇಳುತ್ತದೆ.

ಇನ್ನು ಗಾತ್ರ. ಕಣ್ಣು ಮುಚ್ಚಿ ಹಿಡಿಯಿರಿ. ಕಿರುಬೆರಳು ಹಿಡಿಯ ಮೇಲೆ ಕೂರಬೇಕು, ಗಾಳಿಯಲ್ಲಿ ನೇತಾಡಬಾರದು. ತೋರುಬೆರಳು ಹಿಂದಿನ ಟ್ರಿಗರ್ ಮೇಲೆ ಸ್ವಲ್ಪ ಬಾಗಿದಂತಿರಬೇಕು. ಹೆಬ್ಬೆರಳು ಬಟನ್‌ನಿಂದ ಸ್ಟಿಕ್‌ಗೆ ಇಳಿಯುವಾಗ ಅಂಗೈ ಜಾರಬಾರದು. ಜಾರಿದರೆ ಅದು ನಿಮ್ಮ ಕೈಗೆ ದೊಡ್ಡದು, ಎಷ್ಟೇ ದೊಡ್ಡ ಹೆಸರಿನದ್ದಾದರೂ ಬಿಡಿ. ಮೈಕ್ರೋಸಾಫ್ಟ್‌ನಂಥ ಕಂಪನಿಯೇ ಇದರಲ್ಲಿ ಎಡವಿತ್ತು. 2001ರ ಮೊದಲ ಎಕ್ಸ್‌ಬಾಕ್ಸ್ ಜೊತೆ ಕೊಟ್ಟ ಕಂಟ್ರೋಲರ್ ಎಷ್ಟು ದಪ್ಪ ಅಂದರೆ, ಜಪಾನಿಗೆ ಅಂತಲೇ ಸಣ್ಣದೊಂದು ಮಾಡಿದರು. ಕೊನೆಗೆ ಎಲ್ಲ ಕಡೆಗೂ ಆ ಸಣ್ಣದೇ ಗತಿಯಾಯಿತು.

ನಮ್ಮ ಊರುಗಳ ಅಂಗಡಿಯಲ್ಲಿ ಒಂದೋ ಎರಡೋ ಮಾದರಿ ಇರುತ್ತದೆ, ಅದೂ ಪ್ಯಾಕಿನೊಳಗೆ. ಹಾಗಾಗಿ ಗುರುತಿನವರ ಮನೆಯಲ್ಲಿ ಯಾವುದಿದೆಯೋ ಅದನ್ನು ಹತ್ತು ನಿಮಿಷ ಹಿಡಿದು ನೋಡಿ ಆಮೇಲೆ ತರಿಸಿ. ಆನ್‌ಲೈನ್ ಆದರೆ ವಾಪಸ್ ತಗೊಳ್ಳುತ್ತಾರಾ, ಬರೀ ಬದಲಿ ಕೊಡುತ್ತಾರಾ ಅಂತ ಓದಿ. ಕೈಗೆ ಹೊಂದದ ಕಂಟ್ರೋಲರ್‌ಗೆ ಬದಲಾಗಿ ಅಂಥದ್ದೇ ಇನ್ನೊಂದು ಬಂದರೆ ಏನು ಪ್ರಯೋಜನ?

ಕೊನೆಗೆ ಕೂರುವ ರೀತಿ. ಮೊಣಕೈ ಎರಡೂ ಗಾಳಿಯಲ್ಲಿದ್ದರೆ ಬೆರಳುಗಳು ಬಿಗಿ ಹಿಡಿಯುತ್ತವೆ. ತೊಡೆ ಮೇಲೆ ಒಂದು ದಿಂಬಿಟ್ಟು ಅದರ ಮೇಲೆ ಕೈ ಇಡಿ. ಇದಕ್ಕೆ ಖರ್ಚಿಲ್ಲ, ಇವತ್ತೇ ಮಾಡಬಹುದು.

ಪ್ರಶ್ನೆ: ನಮ್ಮ ಮಗಳಿಗೆ 9 ವರ್ಷ. ಅಣ್ಣನ ಕಂಟ್ರೋಲರ್ ಹಿಡಿದರೆ ಬೆರಳೇ ತಲುಪುವುದಿಲ್ಲ, ಅದಕ್ಕೇ ಇಬ್ಬರಿಗೂ ಜಗಳ. ಚಿಕ್ಕದು ಸಿಗುತ್ತದಾ? (ಪೊನ್ನಂಪೇಟೆಯಿಂದ ಒಬ್ಬ ತಾಯಿ)

ಉತ್ತರ: ಹಾಕಿ ಸ್ಟಿಕ್ ಕೊಡಿಸುವಾಗ ಮಗುವಿನ ಪಕ್ಕ ನಿಲ್ಲಿಸಿ ಅಳತೆ ನೋಡುತ್ತೀರಿ ಅಲ್ವಾ? ಕೊಡಗಿನ ತಾಯಂದಿರಿಗೆ ಇದನ್ನು ನಾನು ಹೇಳಿಕೊಡಬೇಕಾಗಿಲ್ಲ. ಇಲ್ಲೂ ಅದೇ. ಅಣ್ಣನದ್ದು ಅಣ್ಣನಿಗೇ ಇರಲಿ. ಏಯ್ಟ್‌ಬಿಟ್‌ಡೂ ಕಂಪನಿಯ ಎಸ್‌ಎನ್30 ಪ್ರೋ ಅಂತೊಂದಿದೆ. ಉದ್ದನೆ ಹಿಡಿ ಇಲ್ಲದ, ಚಪ್ಪಟೆಯಾದ ಸಣ್ಣ ಕಂಟ್ರೋಲರ್, ಎರಡೂ ಸ್ಟಿಕ್ ಇವೆ. ಮಕ್ಕಳ ಕೈಗೆ ಚೆನ್ನಾಗಿ ಕೂರುತ್ತದೆ. ಯಾರದ್ದಾದರೂ ಹಳೆಯ ಪ್ಲೇಸ್ಟೇಷನ್ 4ರ ಕಂಟ್ರೋಲರ್ ಮನೆಯಲ್ಲಿದ್ದರೆ ಅದೂ ಆಗುತ್ತದೆ. ಸುಮಾರು 210 ಗ್ರಾಂ, ಈಗಿನದ್ದಕ್ಕಿಂತ ಹಗುರ. ಕೀಚೈನ್‌ನಷ್ಟು ಪುಟ್ಟದು ಮಾತ್ರ ಬೇಡ, ಅದನ್ನು ಹಿಡಿದರೆ ಮಗುವಿನ ಬೆರಳೂ ಮಡಚಿಕೊಳ್ಳುತ್ತದೆ.

ಪ್ರಶ್ನೆ: ನಾನು ಕಾಲೇಜು ವಿದ್ಯಾರ್ಥಿ, ಗೋಣಿಕೊಪ್ಪ. ಕಳೆದ ವರ್ಷ ತಗೊಂಡ ಕಂಟ್ರೋಲರ್‌ನಲ್ಲಿ ಸ್ಟಿಕ್ ಮುಟ್ಟದಿದ್ದರೂ ಆಟಗಾರ ತಾನೇ ನಡೆಯುತ್ತಾನೆ. ಹಿಡಿಯ ರಬ್ಬರ್ ಬೇರೆ ಅಂಟು ಅಂಟು. ನಮ್ಮ ಮಳೆಯೇ ಕಾರಣವಾ?

ಉತ್ತರ: ಅರ್ಧ ಹೌದು. ರಬ್ಬರ್ ಅಂಟಾಗುವುದರಲ್ಲಿ ನಮ್ಮ ಮಳೆಗೆ ಪಾಲಿದೆ. ಮೆತ್ತಗಿನ ಲೇಪನ ತೇವಕ್ಕೆ ನಿಧಾನವಾಗಿ ಕರಗಿದಂತಾಗುತ್ತದೆ. ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಬಟ್ಟೆ ಅದ್ದಿ ಒರೆಸಿದರೆ ಬಹಳಷ್ಟು ಹೋಗುತ್ತದೆ, ಜೊತೆಗೆ ಲೇಪನವೂ ಹೋಗುತ್ತದೆ. ಹೋಗಲಿ ಬಿಡಿ. ಮುಂದಿನ ಸಲ ಒರಟು ಪ್ಲಾಸ್ಟಿಕ್ ಹಿಡಿ ಇರುವುದನ್ನೇ ತಗೊಳ್ಳಿ, ಬೆವರಿಗೂ ಜಾರುವುದಿಲ್ಲ, ಅಂಟೂ ಆಗುವುದಿಲ್ಲ.

ಸ್ಟಿಕ್ ತಾನೇ ಓಡುವುದಕ್ಕೆ ಡ್ರಿಫ್ಟ್ ಅಂತಾರೆ. ಮಾಮೂಲಿ ಸ್ಟಿಕ್ ಕೆಳಗೆ ಪಟ್ಟಿಯೊಂದರ ಮೇಲೆ ಲೋಹದ ನಾಲಗೆ ಉಜ್ಜಿಕೊಂಡು ಓಡಾಡುತ್ತದೆ. ಹಳೆ ರೇಡಿಯೋದ ವಾಲ್ಯೂಮ್ ತಿರುಗಿಸಿದರೆ ಕರಕರ ಅನ್ನುತ್ತಿತ್ತಲ್ಲ, ಅದೇ ಜಾತಿ. ಸವೆದಂತೆ, ದೂಳು ಸೇರಿದಂತೆ ನಡುಬಿಂದು ತಪ್ಪುತ್ತದೆ. ದುಬಾರಿ ಕಂಪನಿಗಳ ಮಾಮೂಲಿ ಕಂಟ್ರೋಲರ್‌ಗೂ ಇದೇ ಹಣೆಬರಹ. ಹಾಲ್ ಎಫೆಕ್ಟ್ ಸ್ಟಿಕ್‌ನಲ್ಲಿ ಅಯಸ್ಕಾಂತ ಮತ್ತು ಸೆನ್ಸರ್ ಇರುತ್ತವೆ, ಒಂದಕ್ಕೊಂದು ತಾಗುವುದಿಲ್ಲ, ಹಾಗಾಗಿ ಉಜ್ಜಿ ಸವೆಯುವುದಿಲ್ಲ. ಇದೇನು ಹೊಸ ಮಂತ್ರ ಅಲ್ಲ. ಎಡ್ವಿನ್ ಹಾಲ್ ಅನ್ನುವ ಅಮೆರಿಕದ ವಿಜ್ಞಾನಿ ಈ ಗುಣ ಕಂಡುಹಿಡಿದದ್ದು 1879ರಲ್ಲಿ, ಜಪಾನಿನ ಸೇಗಾ ಕಂಪನಿ ತನ್ನ ಡ್ರೀಮ್‌ಕಾಸ್ಟ್ ಗೇಮ್ ಯಂತ್ರದ ಕಂಟ್ರೋಲರ್‌ನಲ್ಲಿ ಬಳಸಿದ್ದು 1998ರಲ್ಲಿ. ಈಗ ಕಡಿಮೆ ಬೆಲೆಯ ಕಂಟ್ರೋಲರ್‌ಗಳಲ್ಲೂ ಸಿಗುತ್ತಿದೆ. ನಿಮ್ಮ ಬಜೆಟ್ ಎಷ್ಟೇ ಇರಲಿ, ಲೈಟು ಬಿಟ್ಟು ಇದನ್ನು ಹುಡುಕಿ. ಅಂದಹಾಗೆ ಅದರಲ್ಲೂ ಸ್ಪ್ರಿಂಗ್ ಸಡಿಲವಾಗಬಹುದು, ಬಟನ್ ಕೆಡಬಹುದು. ಅದೇನು ಅಮೃತ ಕುಡಿದು ಬಂದಿಲ್ಲ.

ಹಳೆಯದನ್ನು ಎಸೆಯುವ ಮೊದಲು ಪರೀಕ್ಷೆ ಮಾಡಿ. ವಿಂಡೋಸ್ ಕೀ ಜೊತೆ ಆರ್ ಒತ್ತಿ. ಬರುವ ಪುಟ್ಟ ಡಬ್ಬಿಯಲ್ಲಿ ಜೆ, ಒ, ವೈ, ಚುಕ್ಕೆ, ಸಿ, ಪಿ, ಎಲ್ ಅಂತ ಇಂಗ್ಲಿಷ್ ಅಕ್ಷರಗಳನ್ನು ಬರೆದು ಎಂಟರ್ ಒತ್ತಿ. ಕಂಟ್ರೋಲರ್ ಹೆಸರು ಆರಿಸಿ ಪ್ರಾಪರ್ಟೀಸ್ ತೆರೆದರೆ ಒಂದು ಪ್ಲಸ್ ಗುರುತು ಕಾಣುತ್ತದೆ. ಕೈ ಬಿಟ್ಟಾಗ ಅದು ನಡುವಿನಿಂದ ಒಂಚೂರು ಸರಿದಿದ್ದರೆ ಗೇಮ್‌ನಲ್ಲಿ ಡೆಡ್ ಝೋನ್ ಅನ್ನುವುದನ್ನು ಸ್ವಲ್ಪ ಹೆಚ್ಚಿಸಿ. ಆ ಸಣ್ಣ ಅಲುಗಾಟವನ್ನು ಗೇಮ್ ಲೆಕ್ಕಕ್ಕೇ ತಗೊಳ್ಳುವುದಿಲ್ಲ. ಇನ್ನೊಂದು ವರ್ಷ ದೂಡಬಹುದು. ಪ್ಲಸ್ ಗುರುತು ಮೂಲೆಗೇ ಹೋಗಿ ಕೂತಿದ್ದರೆ ಮಾತ್ರ ಅದರ ಆಯಸ್ಸು ಮುಗಿಯಿತು.

ಜೂನ್‌ನಿಂದ ಸೆಪ್ಟೆಂಬರ್ ತನಕ ಬೆಲ್ಟು, ಚಪ್ಪಲಿಗೆಲ್ಲ ಬೂಷ್ಟು ಹಿಡಿಯುವ ನಮ್ಮಲ್ಲಿ ಕಂಟ್ರೋಲರ್‌ನ್ನು ಮೇಜಿನ ಮೇಲೆ ಬಿಡಬೇಡಿ. ಗಟ್ಟಿ ಮುಚ್ಚಳದ ಡಬ್ಬಿಯಲ್ಲಿ, ಶೂ ಪೆಟ್ಟಿಗೆಯಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣ ಎರಡು ಹಾಕಿ ಇಡಿ. ಸೆಲ್ ಹಾಕುವಂಥದ್ದಾದರೆ ಆಡದ ದಿನಗಳಲ್ಲಿ ಸೆಲ್ ತೆಗೆದಿಡಿ. ಸೆಲ್ ಸೋರಿ ಸ್ಪ್ರಿಂಗ್‌ಗೆ ಹಸಿರು ಹಿಡಿದ ಕಂಟ್ರೋಲರ್‌ಗಳು ನನ್ನ ಬಳಿ ರಿಪೇರಿಗೆ ಬರುವುದು ಮಳೆ ಮುಗಿದ ಮೇಲೇ.

ಪ್ರಶ್ನೆ: ಭಾಗಮಂಡಲದಲ್ಲಿ ಮಳೆಗಾಲದಲ್ಲಿ ಕರೆಂಟ್ ಇದ್ದರೆ ಇತ್ತು, ಇಲ್ಲದಿದ್ದರೆ ಇಲ್ಲ. ವೈರ್ ಇರುವುದು ಒಳ್ಳೆಯದಾ, ವೈರ್‌ಲೆಸ್ಸಾ?

ಉತ್ತರ: ವೈರ್. ಬೆಲೆ ಕಮ್ಮಿ, ಹಗುರ, ಪ್ರತ್ಯೇಕವಾಗಿ ಚಾರ್ಜ್ ಮಾಡುವ ರಗಳೆ ಇಲ್ಲ. ಲ್ಯಾಪ್‌ಟಾಪ್‌ನಿಂದ ಅದು ಎಳೆಯುವ ಕರೆಂಟ್ ತೀರಾ ಅಲ್ಪ. ಕಂಪನ ನಿಲ್ಲಿಸಿದರೆ ಇನ್ನೂ ಕಡಿಮೆ. ವೈರ್ ಕನಿಷ್ಠ ಎರಡು ಮೀಟರ್ ಇರಲಿ. ಗಿಡ್ಡವಾದರೆ ಲ್ಯಾಪ್‌ಟಾಪ್ ಕಡೆಗೆ ಬಗ್ಗಿ ಕೂತು ಬೆನ್ನು ನೋಯಿಸಿಕೊಳ್ಳುತ್ತೀರಿ.

ವೈರ್‌ಲೆಸ್ಸೇ ಬೇಕಾದರೆ ಲ್ಯಾಪ್‌ಟಾಪ್‌ಗೆ ಚುಚ್ಚಿ ಸಿಗ್ನಲ್ ಹಿಡಿಯುವ ಪುಟ್ಟ ಯುಎಸ್‌ಬಿ ಡಾಂಗಲ್ ಜೊತೆ ಬರುವುದನ್ನು ತಗೊಳ್ಳಿ. ಸಿಗ್ನಲ್ ತಡವರಿಸಿದರೆ ಡಾಂಗಲ್‌ನ್ನು ಪಕ್ಕದ ಹಾರ್ಡ್ ಡಿಸ್ಕ್‌ನಿಂದ ದೂರ ಮಾಡಿ. ಯುಎಸ್‌ಬಿ 3 ಸಾಧನಗಳು ಡಾಂಗಲ್ ಬಳಸುವ 2.4 ಗಿಗಾಹರ್ಟ್ಸ್ ಸಿಗ್ನಲ್‌ಗೆ ಅಡ್ಡಿ ಮಾಡುತ್ತವೆ. ಒಂದು ಸಣ್ಣ ಎಕ್ಸ್‌ಟೆನ್ಶನ್ ವೈರ್ ಹಾಕಿದರೆ ಸಾಕು.

ಪ್ರಶ್ನೆ: ನಾನು ಬರೀ ವ್ಯಾಲರಂಟ್ ಆಡುವುದು. ಯಾವ ಕಂಟ್ರೋಲರ್ ತಗೊಳ್ಳಲಿ? (ಕುಶಾಲನಗರ)

ಉತ್ತರ: ಯಾವುದೂ ಬೇಡ. ಪಿಸಿಯಲ್ಲಿ ಆ ಶೂಟಿಂಗ್ ಗೇಮ್ ಕಂಟ್ರೋಲರ್‌ನ್ನು ಒಪ್ಪುವುದೇ ಇಲ್ಲ. ಆ ದುಡ್ಡಿಗೆ ನಿಮ್ಮ ಅಂಗೈಗೆ ಹೊಂದುವ ಒಂದು ಒಳ್ಳೆ ಮೌಸ್ ತಗೊಳ್ಳಿ.