ಶುಗರ್ ಪುಡಿ ನಂಬಿದ ಅವ್ವ, ಡ್ಯಾಮ್ ವಿಡಿಯೋ ನಂಬಿದ ಮಗ

(ಗುರುತು ಸಿಗಬಾರದು ಅಂತ ವಿವರ ಬದಲಾಯಿಸಿದೀನಿ.)

ಮಂಡ್ಯ ಕಡೆ ಹಳ್ಳಿಯಿಂದ ತಾಯಿ ಮಗ ಇಬ್ರೂ ಮೈಸೂರಿಗೆ ನನ್ನ ಹತ್ರ ಸಮಾಲೋಚನೆಗೆ ಬಂದಿದ್ರು. ಅಮ್ಮನಿಗೆ ಅರವತ್ತರ ಆಸುಪಾಸು, ಸುಮಾರು ವರ್ಷದಿಂದ ಶುಗರ್ ಇದೆ, ಮೊಬೈಲಲ್ಲಿ ಬಂದ ಜಾಹೀರಾತು ನೋಡಿ ಡಾಕ್ಟ್ರು ಕೊಟ್ಟ ಮಾತ್ರೆ ನಿಲ್ಸಿ ಯಾವ್ದೋ ಪುಡಿ ಶುರು ಮಾಡಿದಾರೆ, ಮಗ "ನಿಂಗ್ ಬುದ್ಧಿ ಇಲ್ವೇನವ್ವ" ಅಂತ ದಿನಾ ರಂಪ ಮಾಡಿ ಮಾಡಿ ಈಗ ಅವ್ರು ಡಬ್ಬನ ಅಕ್ಕಿ ಮೂಟೆ ಹಿಂದೆ ಬಚ್ಚಿಟ್ಟು ಕದ್ದು ಕುಡೀತಾರೆ. ಮೊದ್ಲು ಡಾಕ್ಟ್ರ ಹತ್ರ ಹೋಗಿ ಶುಗರ್ ಚೆಕ್ ಮಾಡಿಸ್ಕೊಂಡು ಬನ್ನಿ ಅಂದೆ, ಮಾತ್ರೆ ವಿಚಾರ ಅವ್ರು ಹೇಳ್ಬೇಕು, ನಾನಲ್ಲ.

ಮುಂದಿನ ಸಲ ಆ ಪುಡಿ ಜಾಹೀರಾತಿನ ವಿಡಿಯೋನ ಸೌಂಡ್ ಆಫ್ ಮಾಡಿ ಮೂರೂ ಜನ ನೋಡಿದ್ವಿ. ಶುರುನಲ್ಲೇ ಕಪ್ಪಾಗಿರೋ ಕಾಲ್ಬೆರಳು, ಕೆಳಗೆ ಕೆಂಪಕ್ಷರದಲ್ಲಿ "ಕಾಲು ಕತ್ತರಿಸೋ ಮುಂಚೆ ಎಚ್ಚೆತ್ಕೊಳ್ಳಿ". ಇದ್ ನೋಡ್ದಾಗ ಏನನ್ನಿಸ್ತಮ್ಮ ಅಂದೆ. "ನಮ್ಮಕ್ಕಂಗೆ ಕಾಲು ತೆಗ್ದಿದ್ರು ಕಣವ್ವ, ಅದೇ ಕಣ್ಮುಂದೆ ಬಂತು" ಅಂದ್ರು. ಮಗ ಸುಮ್ನಾಗ್ಬಿಟ್ಟ. ಬುದ್ಧಿ ಇಲ್ದೆ ಕೊಂಡಿದ್ದಲ್ಲ ಅದು, ಭಯಕ್ಕೆ ಕೊಂಡಿದ್ದು.

ಆಮೇಲೆ ಬಿಳಿ ಕೋಟು ಹಾಕಿರೋ ಒಬ್ರು, ಹೆಸ್ರೂ ಇಲ್ಲ ರಿಜಿಸ್ಟ್ರೇಷನ್ ನಂಬರೂ ಇಲ್ಲ. ಆಮೇಲೆ ಹೆಗಲ ಮೇಲೆ ಟವೆಲ್ ಹಾಕ್ಕೊಂಡಿರೋ ಅಪ್ಪಟ ಮಂಡ್ಯ ಮಾತಿನ ರೈತ, "ನಮ್ಮೋರಂಗೇ ಮಾತಾಡ್ತಾನಲ್ಲ, ಸುಳ್ಯಾಕ್ ಹೇಳಾನು" ಅಂತ ಅಮ್ಮ ನಂಬಿದ್ದು ಇವ್ನನ್ನೇ. ಲಕ್ಷಾಂತರ ಜನಕ್ಕೆ ವಾಸಿಯಾಗಿದೆ, ಆಫರ್ ಇವತ್ತು ರಾತ್ರಿವರ್ಗೆ ಮಾತ್ರ ಅಂತ ಬಂದಾಗ ಅವ್ರೇ "ಹೋದ್ ತಿಂಗ್ಳೂ ಇವತ್ತೇ ಕಡೇ ದಿನ ಅಂದಿದ್ದ!" ಅಂದ್ರು. ನಮ್ಮೋರ ವೇಷ ಹಾಕೋದು, ಎಲ್ರೂ ಬಂದ್ರು ನೀನೂ ಬಾ ಅನ್ನೋದು, ಇವೆಲ್ಲ ಹಳೇ ಆಟ, 1937ರಲ್ಲಿ ಅಮೆರಿಕದಲ್ಲಿ ಶುರುವಾದ ಪ್ರಚಾರ ವಿಶ್ಲೇಷಣೆ ಸಂಸ್ಥೆ ಪಟ್ಟಿ ಮಾಡಿದ ಏಳು ತಂತ್ರದಲ್ಲಿ ಇವೆರಡೂ ಇವೆ. ಇನ್ನೊಂದ್ ಹೇಳ್ದೆ, ಮಧುಮೇಹ ವಾಸಿ ಮಾಡ್ತೀವಿ ಅಂತ ಜಾಹೀರಾತು ಕೊಡೋದೇ ನಮ್ಮಲ್ಲಿ 1954ರ ಕಾಯ್ದೆ ಪ್ರಕಾರ ಅಪರಾಧ.

ಮಗ ಗೆದ್ದೋನ ಥರ ನಕ್ಕ. ನೀನ್ ಈಚೆಗೆ ಏನ್ ಫಾರ್ವರ್ಡ್ ಮಾಡಿದ್ಯಪ್ಪ ಅಂದೆ, ತೋರಿಸ್ದ, ಕೆಆರ್‌ಎಸ್ ಗೇಟಿಂದ ನೀರು ಧುಮುಕೋ ವಿಡಿಯೋ, "ರಾತ್ರೋರಾತ್ರಿ ಕದ್ದು ಬಿಟ್ರು, ಶೇರ್ ಮಾಡದಿದ್ರೆ ನೀನು ಮಂಡ್ಯದವನೇ ಅಲ್ಲ". ಡ್ಯಾಮ್ ತುಂಬಿ ತುಳುಕೋ ಹಾಗಿದೆ ಅದ್ರಲ್ಲಿ. ಪೂರ್ತಿ ಮಟ್ಟ 124.80 ಅಡಿ, ಆ ವಾರದ ಪೇಪರ್ ತೆಗ್ಸಿ ನೋಡಿದ್ರೆ ಮಟ್ಟ ಅದಕ್ಕಿಂತ ಎಷ್ಟೋ ಕೆಳಗಿತ್ತು, ಹೊರಹರಿವೂ ಅಲ್ಲೇ ಪ್ರಿಂಟ್ ಆಗಿತ್ತು. ಯಾವ್ದೋ ಹಳೇ ಮಳೆಗಾಲದ ವಿಡಿಯೋ. ಕಾವೇರಿ ವಿಚಾರಕ್ಕೆ ಅವ್ನಿಗೆ ಸಿಟ್ಟು ಬರೋದು ನ್ಯಾಯವೇ, ಅದನ್ನ ನಾನು ಒಂಚೂರೂ ಅಲ್ಲಗಳೆಯಲ್ಲ, ಆದ್ರೆ ಅಮ್ಮನ ಭಯನ ಬಳಸ್ಕೊಂಡ ಹಾಗೇ ಇವನ ಸಿಟ್ಟನ್ನ ಯಾರೋ ಬಳಸ್ಕೊಂಡಿದಾರೆ.

ಇಬ್ರಿಗೂ ಹೇಳಿದ್ದು ಇಷ್ಟು. ಮನೇಲಿ ಬುದ್ಧಿ ಇಲ್ವಾ ಅನ್ನೋ ಮಾತು ನಿಲ್ಬೇಕು, ಅವಮಾನ ಆದಷ್ಟೂ ಮನುಷ್ಯ ಆ ಜಾಹೀರಾತಿನ ಕಡೆಗೇ ಸರೀತಾನೆ. ಅದರ ಬದ್ಲು "ಇದ್ ನೋಡಿ ಭಯ ಆಯ್ತಾ, ಸಿಟ್ಟು ಬಂತಾ" ಅಂತ ಕೇಳಿ, ಎರಡ್ರಲ್ಲಿ ಒಂದಾಗಿದ್ರೂ ಆ ರಾತ್ರಿ ಆರ್ಡರೂ ಬೇಡ, ಫಾರ್ವರ್ಡೂ ಬೇಡ. ಮಗನಿಗೆ ಇನ್ನೊಂದ್ ಕೆಲ್ಸ ಕೊಟ್ಟೆ, ಕಾವೇರಿಗಾಗಿ ಹೆದ್ದಾರಿ ತಡೆ ನಡೆದ್ರೆ ಮಾರನೇ ದಿನ ಎರಡು ಪೇಪರ್ ಪಕ್ಕಪಕ್ಕ ಇಟ್ಕೊಂಡು ಓದು, ಒಂದ್ರಲ್ಲಿ "ರೈತರ ಆಕ್ರೋಶ" ಅಂತಿರುತ್ತೆ ಇನ್ನೊಂದ್ರಲ್ಲಿ "ಪ್ರಯಾಣಿಕರ ಪರದಾಟ", ಎರಡೂ ನಿಜವೇ ಇರಬಹುದು, ಯಾರ ಮಾತು ಹಾಕಿದಾರೆ ಯಾರದ್ದು ಬಿಟ್ಟಿದಾರೆ ನೋಡು ಅಂತ.

ಡಾಕ್ಟ್ರು ಹೇಳ್ದ ಹಾಗೆ ಅಮ್ಮ ಮಾತ್ರೆ ಮತ್ತೆ ಶುರು ಮಾಡಿದಾರೆ, ಆದ್ರೆ ಕಾಲಿನ ಭಯ ಹೋಗಿಲ್ಲ, ಅದಕ್ಕೇ ಪ್ರತಿ ಸಲ ಡಾಕ್ಟ್ರಿಗೆ ಪಾದಾನೂ ತೋರ್ಸಿ ಅಂದಿದೀನಿ. ಮಗ ಡಬ್ಬ ತಿಪ್ಪೆಗೆ ಎಸೀತೀನಿ ಅಂತ ಹೊರಟಿದ್ದ, ಬೇಡ, ಡಬ್ಬ, ಬಿಲ್ಲು, ವಿಡಿಯೋ ಸ್ಕ್ರೀನ್‌ಶಾಟ್ ಎಲ್ಲ ಇಟ್ಕೊಂಡು ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಕೊಡು ಅಂದೆ.