ಆಟೋಫೇಜಿ ಅನ್ನನಾಳದ ಕ್ಯಾನ್ಸರನ್ನು ತಡೆಯುತ್ತದೆಯೋ, ಬೆಳೆಸುತ್ತದೆಯೋ?

ಎರಡನ್ನೂ ಮಾಡುತ್ತದೆ. ಗಡ್ಡೆ ಹುಟ್ಟುವ ಮೊದಲು ಅದು ಬಹುಮಟ್ಟಿಗೆ ಜೀವಕೋಶವನ್ನು ಕಾಯುತ್ತದೆ. ಗಡ್ಡೆ ಬೇರೂರಿದ ಮೇಲೆ ಅನೇಕ ಸಲ ಆ ಗಡ್ಡೆಯನ್ನೇ ಸಾಕುತ್ತದೆ.

ಜೀವಕೋಶವು ತನ್ನೊಳಗಿನ ಹಾಳಾದ ಭಾಗಗಳನ್ನು ಪೊರೆಯ ಚೀಲದಲ್ಲಿ ಸುತ್ತಿ, ಲೈಸೋಸೋಮ್ ಎಂಬ ಪುಟ್ಟ ಜೀರ್ಣಚೀಲದಲ್ಲಿ ಕರಗಿಸಿ, ಸಿಕ್ಕ ಸಾರವನ್ನು ಮರಳಿ ಬಳಸುವ ಕ್ರಮವೇ ಆಟೋಫೇಜಿ. ಇದರ ಕಾರ್ಯವಿಧಾನವನ್ನು ಬಿಡಿಸಿ ತೋರಿಸಿದ ಜಪಾನಿನ ವಿಜ್ಞಾನಿ ಯೊಶಿನೊರಿ ಒಸುಮಿ ಅವರಿಗೆ 2016ರಲ್ಲಿ ನೊಬೆಲ್ ದೊರೆಯಿತು. ನಮ್ಮ ಮೂಡಿಗೆರೆ, ಸಕಲೇಶಪುರದ ತೋಟಗಳಲ್ಲಿ ಕಾಫಿ ಗಿಡದಿಂದ ಕಡಿದ ರೆಂಬೆಯೂ ತರಗೆಲೆಯೂ ಬುಡದಲ್ಲೇ ಕೊಳೆತು ಅದೇ ಗಿಡಕ್ಕೆ ಗೊಬ್ಬರವಾಗುವುದಿಲ್ಲವೇ, ಹಾಗೆಯೇ ಇದು.

ತಂಬಾಕು, ಮದ್ಯ ಅಥವಾ ಹೊಟ್ಟೆಯಿಂದ ಮೇಲೇರುವ ಆಮ್ಲವು ಅನ್ನನಾಳದ ಒಳಪದರವನ್ನು ಗಾಸಿಗೊಳಿಸಿದಾಗ, ಕೋಶಕ್ಕೆ ಶಕ್ತಿ ಒದಗಿಸುವ ಮೈಟೋಕಾಂಡ್ರಿಯಾಗಳಲ್ಲಿ ಕೆಟ್ಟವನ್ನು ಈ ಕ್ರಮ ತೆರವು ಮಾಡುವುದರಿಂದ ಡಿಎನ್‌ಎಗೆ ಆಗುವ ಹಾನಿ ತಗ್ಗುತ್ತದೆ. ಆದರೆ ಗಡ್ಡೆಯೊಳಗೆ ರಕ್ತವೂ ಆಮ್ಲಜನಕವೂ ಸಾಲದಾದಾಗ, ಅಥವಾ ಸಿಸ್‌ಪ್ಲಾಟಿನ್‌ನಂತಹ ಕಿಮೋ ಔಷಧಿ ಬಿದ್ದಾಗ, ಕ್ಯಾನ್ಸರ್ ಕೋಶಗಳು ಇದೇ ಮರುಬಳಕೆಯಿಂದ ಜೀವ ಉಳಿಸಿಕೊಳ್ಳುತ್ತವೆ. ಚಿಕಿತ್ಸೆಗೆ ಗಡ್ಡೆ ಜಗ್ಗದಿರಲು ಇದೂ ಒಂದು ಕಾರಣ.

ಮಲೇರಿಯಾಕ್ಕೆ ಕೊಡುವ ಕ್ಲೋರೋಕ್ವಿನ್ ಲೈಸೋಸೋಮಿನ ಜೀರ್ಣಕ್ರಿಯೆಯನ್ನು ತಡೆಯುವುದರಿಂದ ಅದನ್ನು ಕಿಮೋ ಜೊತೆ ಪ್ರಯೋಗಾಲಯದಲ್ಲಿ ಪರೀಕ್ಷಿಸಲಾಗಿದೆ. ಅನ್ನನಾಳದ ಕ್ಯಾನ್ಸರಿಗೆ ಅದು ರೂಢಿಯ ಚಿಕಿತ್ಸೆಯಲ್ಲ. ದಯವಿಟ್ಟು ಯಾರೂ ತಾವಾಗಿ ನುಂಗಬಾರದು.

ಉಪವಾಸದಿಂದ ಆಟೋಫೇಜಿ ಹೆಚ್ಚಿಸಿ ಗಡ್ಡೆ ಕರಗಿಸಬಹುದೇ ಎಂದು ಹಲವರು ಕೇಳುತ್ತಾರೆ. ಹಾಗೆ ನಂಬುವಂತಿಲ್ಲ; ಬೇರೂರಿದ ಗಡ್ಡೆಯನ್ನು ಆಟೋಫೇಜಿಯೇ ಸಾಕಬಹುದು. ಮುದ್ದೆಯ ತುತ್ತು ಎದೆಯಲ್ಲೇ ಸಿಕ್ಕಿಕೊಂಡು, ಗಂಜಿಯಷ್ಟೇ ಇಳಿಯುವಂತಾಗಿ, ತೂಕ ಕಳೆದುಕೊಂಡಿರುವ ರೋಗಿಗೆ ಉಪವಾಸವು ಚಿಕಿತ್ಸೆ ತಾಳುವ ಶಕ್ತಿಯನ್ನೇ ಕುಂದಿಸುತ್ತದೆ.